ಬೋಳು ಹದ್ದೂ ನಮ್ಮೂರ ಗರುಡವೂ

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ‘ಸಾಮಾನ್ಯ ಜ್ಞಾನ ಸ್ಪರ್ಧೆ, ಪ್ರಥಮ ಬಹುಮಾನ’ ಎಂದು ಕೆತ್ತಿದ್ದಾರೆ. ಅದರಲ್ಲಿ ನಾನು ಹುರಿದ ಕಡಲೆಬೀಜ ತುಂಬಿಡುತ್ತೇನೆ. ಮೊನ್ನೆ ಮನೆಗೆ ಬಂದಿದ್ದ ಪಕ್ಕದ ಮನೆಯವರು ಬೀಜ ತಿನ್ನುತ್ತಾ ಮುಚ್ಚಳ ಓದಿ, “ಪರವಾಗಿಲ್ಲ ಮೇಡಂ, ಚಿಕ್ಕಂದಿನಿಂದಲೇ ನೀವು ಬುದ್ಧಿವಂತರು” ಎಂದರು. ನಾನು ಸುಮ್ಮನೆ ನಕ್ಕೆ. ಆ ಡಬ್ಬಿ ಬಂದದ್ದು ಒಂದು ತಪ್ಪು ಉತ್ತರಕ್ಕೆ.

ನಿಮಗೆ ಹೇಳಿದರೆ ತೊಂದರೆಯಿಲ್ಲ. ಆಗ ನಾನು ಆರನೇ ಕ್ಲಾಸು. ಚಿತ್ರದುರ್ಗದಲ್ಲಿ, ಕೋಟೆಯ ಕೆಳಗಿನ ಬೀದಿಯಲ್ಲಿ ನಮ್ಮ ಮನೆ. ಅಬ್ಬಾ ತಗಡಿನ ಟ್ರಂಕು ಮಾಡುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆಯ ಸದ್ದು. ಆ ಸದ್ದಿನಲ್ಲೇ ಓದಿ ಅಭ್ಯಾಸವಾಗಿದ್ದ ನನಗೆ, ನಿಶ್ಶಬ್ದವಾದ ಸಭಾಂಗಣದಲ್ಲಿ ಕೂರಿಸಿ ಪ್ರಶ್ನೆ ಕೇಳಿದಾಗ ತಲೆಯೇ ಖಾಲಿಯಾಯಿತು. ಕೊನೆಯ ಪ್ರಶ್ನೆ ಇದ್ದದ್ದು, ಅಮೆರಿಕದ ಬಾಲ್ಡ್ ಈಗಲ್‌ಗೆ ಆ ಹೆಸರು ಯಾಕೆ ಬಂತು ಎಂದು. ಬಾಲ್ಡ್ ಅಂದರೆ ಬೋಳು ಎಂಬುದು ಮಾತ್ರ ನನಗೆ ಗೊತ್ತಿತ್ತು. ಎದ್ದು ನಿಂತು ಧೈರ್ಯವಾಗಿ, “ಅದರ ತಲೆ ನಮ್ಮ ಅಬ್ಬಾನ ತಲೆ ಥರ ನುಣ್ಣಗಿರುತ್ತೆ ಸಾರ್” ಎಂದೆ. ಸಭೆಯೆಲ್ಲ ನಕ್ಕಿತು. ಪ್ರಶ್ನೆ ಕೇಳಿದ ಮೇಷ್ಟ್ರಿಗೂ ಉತ್ತರ ಗೊತ್ತಿರಲಿಲ್ಲವೆಂದು ಕಾಣುತ್ತದೆ. “ಸರಿಯಾಗಿ ಹೇಳಿದೆಯಮ್ಮ” ಎಂದು ಅಂಕ ಕೊಟ್ಟರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಬ್ಬಾ ಟೋಪಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

ಕಾಲೇಜಿಗೆ ಹೋದಮೇಲೆ ಒಂದು ಪುಸ್ತಕದಲ್ಲಿ ಆ ಹಕ್ಕಿಯ ಚಿತ್ರ ನೋಡಿ ಬೆಚ್ಚಿಬಿದ್ದೆ. ತಲೆಯ ತುಂಬ ಗರಿ! ಹಾಲಿನಲ್ಲಿ ಅದ್ದಿ ತೆಗೆದಂತೆ ಬಿಳೀ ಗರಿ. ಬಾಲ್ಡ್ ಎಂಬ ಮಾತಿಗೆ ಹಳೆಯ ಇಂಗ್ಲಿಷಿನಲ್ಲಿ ಬಿಳುಪು ಗುರುತುಳ್ಳದ್ದು ಎಂಬ ಅರ್ಥ ಇತ್ತಂತೆ. ಅಂದಿನಿಂದ ಆ ಹಕ್ಕಿಯ ಋಣ ತೀರಿಸಬೇಕು ಎಂಬಂತೆ ಅದರ ವಿಷಯ ಸಿಕ್ಕಿದ್ದೆಲ್ಲ ಓದಿದೆ. ಅದು ಒಂದೇ ಗೂಡಿಗೆ ವರ್ಷವರ್ಷವೂ ಕಡ್ಡಿ ಸೇರಿಸುತ್ತಾ ಹೋಗುತ್ತದೆ, ಕೊನೆಗೆ ಆ ಗೂಡಿನ ಭಾರಕ್ಕೆ ಕೊಂಬೆಯೇ ಮುರಿದದ್ದುಂಟು. ತಾನು ಮೀನು ಹಿಡಿಯುವುದಕ್ಕಿಂತ ಬೇರೆ ಹಕ್ಕಿ ಹಿಡಿದದ್ದನ್ನು ಕಿತ್ತುಕೊಳ್ಳುವುದು ಅದಕ್ಕೆ ಸಲೀಸು. ಅಷ್ಟು ದೊಡ್ಡ ಹಕ್ಕಿಯ ಕೂಗು ಮಾತ್ರ ಕೋಳಿಮರಿಯ ಹಾಗೆ ಸಣ್ಣಗೆ. ಮತ್ತೆ, ಮುಖ್ಯವಾದದ್ದು, ಹುಟ್ಟಿದಾಗ ಅದರ ತಲೆ ಬಿಳಿಯಲ್ಲ. ನಾಲ್ಕೈದು ವರ್ಷ ಮೈಯೆಲ್ಲ ಕಂದು ಬಣ್ಣದಲ್ಲೇ ಅಲೆದು, ಪ್ರಾಯಕ್ಕೆ ಬಂದ ಮೇಲೆ ತಲೆ ಬೆಳ್ಳಗಾಗುತ್ತದೆ. ಈ ಕೊನೆಯ ಸಂಗತಿಯನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಬಾಯಿಪಾಠ ಮಾಡಿದ್ದು ಸಮಯಕ್ಕೆ ನೆನಪಾಗುವುದಿಲ್ಲ ಎಂಬುದನ್ನು ನಿಮಗೆ ಮುಂದೆ ಹೇಳುತ್ತೇನೆ.

ಹದ್ದುಗಳ ಜೊತೆ ನನಗೆ ಮೊದಲಿನಿಂದಲೂ ಸಲುಗೆ. ನಮ್ಮ ಬೀದಿಯ ಕೊನೆಗೆ ಮಾಂಸದಂಗಡಿಗಳು, ಅವುಗಳ ಮೇಲೆ ಸದಾ ಸುತ್ತುವ ಹದ್ದುಗಳು. ಮನೆಯಲ್ಲಿ ನಾವು ಅವನ್ನು ಚೀಲ್ ಎನ್ನುತ್ತಿದ್ದೆವು. ನನಗೆ ಜ್ವರ ಬಂದರೆ ನನ್ನ ದಾದಿ, ಅಂದರೆ ಅಬ್ಬಾನ ತಾಯಿ, ಒಂದು ಚೂರು ಮಾಂಸ ತರಿಸಿ ನನ್ನ ತಲೆಯ ಸುತ್ತ ನಿವಾಳಿಸಿ ಮಾಳಿಗೆಯ ಮೇಲೆ ನಿಂತು ಎಸೆಯುತ್ತಿದ್ದಳು. ಹದ್ದು ಅದನ್ನು ನೆಲಕ್ಕೆ ಬೀಳಲು ಬಿಡುತ್ತಿರಲಿಲ್ಲ, ಗಾಳಿಯಲ್ಲೇ ಹಿಡಿಯುತ್ತಿತ್ತು. “ಹೋಯ್ತು ನೋಡು ನಿನ್ನ ಜ್ವರ” ಎನ್ನುತ್ತಿದ್ದಳು ದಾದಿ. ಜ್ವರ ಹೋಗುತ್ತಿತ್ತೋ ಇಲ್ಲವೋ, ಆ ಹಕ್ಕಿ ನನ್ನ ಕಾಯಿಲೆ ಹೊತ್ತು ಹಾರುವುದನ್ನು ನೋಡುವ ಖುಷಿಗೆ ನಾನು ಹಾಸಿಗೆಯಿಂದ ಎದ್ದು ಕೂರುತ್ತಿದ್ದೆ.

ಹೀಗೆ ಬೆಳೆದವಳು ವಿಜ್ಞಾನದ ಟೀಚರ್ ಆದೆ. ಹೊಸದುರ್ಗದಲ್ಲಿ ಮನೆ ಮಾಡಿಕೊಂಡು, ಬೆಳಗಿನ ಬಸ್ಸಿಗೆ ಮಾರಿಕಣಿವೆಯ ಹಿನ್ನೀರಿನ ಪಕ್ಕದ ಒಂದು ಹಳ್ಳಿಯ ಹೈಸ್ಕೂಲಿಗೆ ಹೋಗುತ್ತೇನೆ. ಮಳೆ ಚೆನ್ನಾಗಿ ಬಂದ ವರ್ಷಗಳಲ್ಲಿ ನೀರು ಸ್ಕೂಲಿನ ಹಿಂದಿನ ಹೊಲದವರೆಗೂ ಬಂದು ನಿಲ್ಲುತ್ತದೆ. ನೀರಿನ ಅಂಚಿನಲ್ಲಿ ಒಂದು ಹಳೆಯ ಬಸರಿ ಮರ. ಅದರ ತುದಿಯಲ್ಲಿ ಒಂದು ಜೊತೆ ಗರುಡಗಳ ಗೂಡು. ಬಿಳೀ ತಲೆ, ಬಿಳೀ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ಊರಿನವರು ಅದನ್ನು ಕಂಡರೆ ಕೈ ಮುಗಿಯುತ್ತಾರೆ. ಶನಿವಾರ ಕಂಡರಂತೂ ಚಪ್ಪಲಿ ಬಿಟ್ಟು ಮುಗಿಯುತ್ತಾರೆ.

ನಾನು ಪ್ರತಿವರ್ಷ ಒಂಬತ್ತನೇ ಕ್ಲಾಸಿಗೆ ಬಾಲ್ಡ್ ಈಗಲ್‌ನ ದೊಡ್ಡ ಚಿತ್ರ ಗೋಡೆಗೆ ತೂಗಿಸಿ ಪಾಠ ಮಾಡುತ್ತಿದ್ದೆ. ಒಂದು ಸಲ ಒಬ್ಬ ಹುಡುಗಿ ಎದ್ದು, “ಮಿಸ್, ಇದು ನಮ್ಮ ಬಸರಿ ಮರದ್ದು ಅಲ್ವಾ?” ಎಂದಳು.

“ಅಲ್ಲಮ್ಮ, ಇದು ಅಮೆರಿಕದ್ದು. ಸಿಂಹದಂಥ ಹಕ್ಕಿ. ನಮ್ಮದು ಅದರ ಮುಂದೆ ಬೆಕ್ಕಿನ ಮರಿ” ಎಂದೆ.

ಅವಳಿಗೆ ಸಮಾಧಾನವಾಗಲಿಲ್ಲ. “ತಲೆ ಒಂದೇ ಥರ ಐತಲ್ಲ ಮಿಸ್” ಎಂದು ಗೊಣಗಿ ಕೂತಳು. ನಾನು ಮುಂದಿನ ಪಾಠಕ್ಕೆ ಹೋದೆ.

ಹೋದ ಬೇಸಿಗೆಯ ಹಿಂದಿನ ಬೇಸಿಗೆ. ರಜೆಗೆ ಇನ್ನೂ ಎರಡು ವಾರ ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಸ್ಕೂಲಿನ ಗೇಟಿನ ಹತ್ತಿರ ಒಬ್ಬ ಹೆಂಗಸು ಬಂದು ನಿಂತರು. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಸಿಕ್ಕಿಸಿದ ಕವಣೆ. ಆಕೆ ಕರಿಯಮ್ಮ. ಗಂಡ ತೀರಿಕೊಂಡ ಮೇಲೆ ತಮ್ಮ ಚಿತ್ತಣ್ಣನ ಜೊತೆ ಕುರಿ ಕಾಯುವವರು. ಸ್ಕೂಲಿನ ಆಚೆಗಿನ ಬೀಳು ನೆಲದಲ್ಲಿ ಜಾಲಿ ಮುಳ್ಳು ಕಟ್ಟಿ ರೊಪ್ಪ ಮಾಡಿಕೊಂಡಿದ್ದರು. ರೊಪ್ಪ ಅಂದರೆ ಕುರಿ ಕೂಡುವ ಬೇಲಿ.

“ಮೇಡಮ್ಮ, ನಿಮ್ಮ ಬಸರಿ ಮರದಾಗಿನ ಹಕ್ಕಿ ನಮ್ಮ ಮರಿ ಹೊತ್ಕಂಡು ಹೋಗ್ತೈತೆ” ಎಂದರು. “ಹತ್ತು ದಿನದಾಗೆ ಮೂರು ಮರಿ ಹೋದವು. ಯಾರಾನ ಓದಿದೋರು ಹೇಳ್ಲಿ ಅಂತ ಬಂದೆ.”

ಓದಿದವರು ಎಂದು ಕರೆಸಿಕೊಂಡ ಮೇಲೆ ಕೇಳಬೇಕೇ! ನನ್ನ ಎದೆ ಒಂದು ಗೇಣು ಮೇಲೆದ್ದಿತು. “ನೋಡ್ರಿ ಕರಿಯಮ್ಮೋರೆ, ಗರುಡ ಅರ್ಧ ಕೆ.ಜಿ. ತೂಗಿದರೆ ಹೆಚ್ಚು. ನಿಮ್ಮ ಮರಿ ಹುಟ್ಟಿದಾಗಲೇ ಎರಡು ಕೆ.ಜಿ. ಇರುತ್ತೆ. ಹೇಗೆ ಎತ್ತುತ್ತೆ ಅದು? ಗರುಡ ತಿನ್ನೋದು ಮೀನು, ಏಡಿ, ಸತ್ತದ್ದು. ಜೀವಂತ ಕುರಿಮರಿ ಅಲ್ಲ” ಎಂದೆ.

“ಗರುಡ ಅಂತ ನಾನೆಲ್ಲಿ ಅಂದೆ? ಗರುಡ ದೇವ್ರು. ಅದಕ್ಕೆ ಕೈ ಮುಗಿಯೋಳು ನಾನು. ಇದು ಬ್ಯಾರೆ. ಕಂದು ಹದ್ದು. ಅದೇ ಮರದಾಗೆ ಕುಂತ್ಕಂತೈತೆ. ಕುರಿ ಈಯೋ ಹೊತ್ತಿಗೆ ಸರಿಯಾಗಿ ಬರ್ತೈತೆ. ಕಾಲಾಗೆ ರಕ್ತ ಸೋರೋದು ಹೊತ್ಕಂಡು ಹಾರಿದ್ದು ಈ ಕಣ್ಣಾಗೇ ಕಂಡೀನಿ. ಮರಿ ಅರಚಿದ್ದು ಮ್ಯಾಲಿಂದ ಕೇಳ್ಸಿತು ಮೇಡಮ್ಮ, ಆಕಾಶದಾಗಿಂದ!”

ಅಲ್ಲಿ ನಾನು ಬಾಯಿ ಮುಚ್ಚಿಕೊಂಡು ಒಂದು ಸಲ ಮರದ ಕಡೆ ನೋಡಿ ಬಂದಿದ್ದರೆ ಸಾಕಿತ್ತು. ಮಾಮೂಲಿ ಹದ್ದಿನ ಬಾಲ ಮೀನಿನ ಬಾಲದಂತೆ ಸೀಳಿರುತ್ತದೆ, ಗರುಡದ ಬಾಲ ದುಂಡಗೆ. ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಊಟದ ಬಿಡುವು ಮುಗಿಯುತ್ತಾ ಬಂದಿತ್ತು. “ಕಂದು ಹದ್ದಾ? ಅದು ಬೇರೆ ಜಾತಿ. ಗರುಡಕ್ಕೂ ಅದಕ್ಕೂ ಸಂಬಂಧ ಇಲ್ಲ. ಅದೇನು ಮಾಡುತ್ತೋ ನಾನು ಹೇಳಲಾರೆ” ಎಂದುಬಿಟ್ಟೆ. ಅಮೆರಿಕದ ಹಕ್ಕಿಯ ಮರಿ ಕಂದು ಬಣ್ಣ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವವಳು, ಸ್ಕೂಲಿನ ಹಿಂದಿನ ಮರದಲ್ಲಿ ಕೂತ ಕಂದು ಹಕ್ಕಿಯನ್ನು ಬೇರೆ ಜಾತಿ ಮಾಡಿ ಕಳಿಸಿದೆ.

ಕರಿಯಮ್ಮ ಕಂಬಳಿ ಸರಿಪಡಿಸಿಕೊಂಡು, “ಭಾನುವಾರ ಬರ್ರಿ. ಎರಡು ಕುರಿ ಈಯೋಕೆ ಬಂದವೆ. ಕುಂತ್ಕಂಡು ನಿಮ್ಮ ಕಣ್ಣಾಗೇ ನೋಡ್ರಿ” ಎಂದು ಹೋದರು.

ಭಾನುವಾರ ಹೋದೆ. ಟಿಫನ್ ಕ್ಯಾರಿಯರ್, ನೀರಿನ ಬಾಟಲಿ, ದೊಡ್ಡ ಟೋಪಿ, ಒಂದು ನೋಟ್‌ಬುಕ್ಕು. ಕಾಡಿಗೆ ಸಂಶೋಧನೆಗೆ ಹೊರಟವರ ಹಾಗೆ ಬಸ್ಸಿಳಿದೆ. ಕರಿಯಮ್ಮ ಜಾಲಿ ಮರದ ನೆರಳಿನಲ್ಲಿ ಕಂಬಳಿ ಹಾಸಿ, “ಕುಂತ್ಕಳ್ರಿ. ಆ ಟೋಪಿ ತೆಗೀರಿ ಮೊದ್ಲು, ಕುರಿ ಹೆದರ್ತವೆ” ಎಂದರು. ತೆಗೆದೆ.

ಬಿಸಿಲು ಏರಿತು. ಎದುರಿಗೆ ಹಿನ್ನೀರು ತಗಡಿನ ಹಾಳೆಯ ಹಾಗೆ ಹೊಳೆಯುತ್ತಿತ್ತು. ಒಂದು ಕುರಿ ಗುಂಪಿನಿಂದ ದೂರ ಸರಿದು, ನೆಲ ಕೆರೆದು, ಮಲಗಿ, ಎದ್ದು, ಮತ್ತೆ ಮಲಗಿತು. ನಾವು ಮಾತಾಡುವುದನ್ನು ನಿಲ್ಲಿಸಿದೆವು. ಒಂದರ್ಧ ಗಂಟೆಗೆ ಕಪ್ಪನೆಯ ಮರಿಯೊಂದು ನೆಲಕ್ಕೆ ಜಾರಿತು. ತಾಯಿ ನೆಕ್ಕುತ್ತಾ ನೆಕ್ಕುತ್ತಾ ಅದನ್ನು ಎಬ್ಬಿಸಿತು. ಮರಿ ನಾಲ್ಕು ಸಲ ಬಿದ್ದು ಐದನೇ ಸಲಕ್ಕೆ ನಿಂತಿತು. ಆಮೇಲೆ ತಾಯಿಯ ಹೊಟ್ಟೆಯಿಂದ ಮಾಸು, ಮರಿಯನ್ನು ಸುತ್ತಿದ್ದ ರಕ್ತದ ಚೀಲ, ಬಿತ್ತು.

“ಬಂತು ನೋಡ್ರಿ” ಎಂದು ಕರಿಯಮ್ಮ ನನ್ನ ಮೊಣಕೈ ಹಿಡಿದರು.

ಬಸರಿ ಮರದ ಕಡೆಯಿಂದ ಕಂದು ಹಕ್ಕಿ ಓಲಾಡುತ್ತಾ ಬಂತು. ಕರಿಯಮ್ಮನ ಕೈ ಕವಣೆಗೆ ಹೋಯಿತು. “ತಡೀರಿ, ಒಂದು ನಿಮಿಷ” ಎಂದೆ. ಹಕ್ಕಿ ಮರಿಯ ಮೇಲೆ ಹಾದು ಹೋಯಿತು, ಅದನ್ನು ತಿರುಗಿಯೂ ನೋಡಲಿಲ್ಲ. ಮಾಸಿನ ಹತ್ತಿರ ಇಳಿದು, ಅಳುಕುತ್ತಾ ಎರಡು ಹೆಜ್ಜೆ ಕುಪ್ಪಳಿಸಿ, ಒಂದು ತುಂಡು ಎಳೆದುಕೊಂಡು ಮೇಲೆದ್ದಿತು. ಕಾಲಿನಿಂದ ಕೆಂಪಗೆ ಏನೋ ತೂಗಾಡುತ್ತಿತ್ತು. ದೂರದಿಂದ ನೋಡಿದವರು ಯಾರೇ ಆದರೂ ಮರಿ ಎಂದೇ ತಿಳಿಯಬೇಕು. ಕೆಳಗೆ ಕಪ್ಪು ಮರಿ ಮೊಲೆ ಹುಡುಕುತ್ತಿತ್ತು.

“ಮಾಸು!” ಎಂದರು ಕರಿಯಮ್ಮ. “ಇದಕ್ಕಾ ಬರ್ತಿದ್ದುದು?”

ಹಕ್ಕಿ ಮರ ಸೇರುವ ಮೊದಲೇ ತುಂಡನ್ನು ಬೀಳಿಸಿಕೊಂಡಿತು. ಇನ್ನೂ ಎಳಸು. ಕೊಂಬೆಯ ಮೇಲೆ ಕೂತು ಕತ್ತು ಕುಗ್ಗಿಸಿ, ರೆಕ್ಕೆ ಅದುರಿಸುತ್ತಾ ಕೂಗತೊಡಗಿತು. ಸಣ್ಣ, ಎಳೆದ, ಮೂಗಿನಿಂದ ಬಂದಂಥ ಸ್ವರ. ಥೇಟ್ ತಾಯಿ ಕಾಣದ ಕುರಿಮರಿ.

“ಇದೇ! ಇದೇ ಕೇಳ್ಸಿದ್ದು ನಂಗೆ!” ಎಂದು ಕರಿಯಮ್ಮ ಎದ್ದು ನಿಂತರು.

ಅಷ್ಟರಲ್ಲಿ ನೀರಿನ ಮೇಲಿನಿಂದ ಬಿಳಿ ತಲೆಯ ಗರುಡ ಬಂತು. ಕಾಲಲ್ಲಿ ಒಂದು ಮೀನು. ನೇರವಾಗಿ ಹೋಗಿ ಕಂದು ಹಕ್ಕಿಯ ಪಕ್ಕದಲ್ಲಿ ಇಳಿದು, ಮೀನನ್ನು ಅದರ ಮುಂದೆ ಬಿಟ್ಟಿತು. ಕಂದು ಹಕ್ಕಿ ಎರಡೂ ರೆಕ್ಕೆ ಹರಡಿ ಮೀನಿನ ಮೇಲೆ ಕವುಚಿಕೊಂಡಿತು. ಗರುಡ ಪಕ್ಕಕ್ಕೆ ಸರಿದು, ಮಗುವಿಗೆ ಊಟ ಬಡಿಸಿದ ಅಮ್ಮನ ಹಾಗೆ ಸುಮ್ಮನೆ ಕಾದು ಕೂತಿತು.

ಕರಿಯಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡರು. “ಅಯ್ಯೋ ನಮ್ಮಪ್ಪ! ಅದರ ಕೂಸಾ ಇದು? ಅವ್ವಗೆ ಕೈ ಮುಗುದು ಕೂಸಿಗೆ ಕಲ್ಲು ಹೊಡೆದೆನಲ್ಲ ಇಷ್ಟು ದಿನ!”

ನನ್ನ ಸ್ಥಿತಿ ಅವರದಕ್ಕಿಂತ ಹೀನಾಯ. ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹತ್ತು ವರ್ಷದಿಂದ ಬೇರೆಯವರಿಗೆ ಹೇಳುತ್ತಿದ್ದವಳು. “ಕರಿಯಮ್ಮೋರೆ, ನಾನು ಹೇಳಿದ್ದು ತಪ್ಪು. ಅದು ಬೇರೆ ಜಾತಿ ಅಲ್ಲ” ಎಂದೆ.

ಅವರು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದು ಎಳೆದರು. “ಮೇಡಮ್ಮ, ಚಿತ್ತ! ನೀವಂದಿದ್ದು ನಾನು ಅವನಿಗೆ ಹೇಳ್ದೆ. ಕಂದುದಕ್ಕೂ ಗರುಡಕ್ಕೂ ಸಂಬಂಧ ಇಲ್ಲಂತೆ ಅಂತ. ಹಂಗಾದ್ರೆ ಪಾಪ ಇಲ್ಲ ಬಿಡು ಅಂತ, ಸತ್ತ ಕುರಿಗೆ ಬೆಳೆಗೆ ಹೊಡಿಯೋ ವಿಷ ಕಲಸಿ ಇವತ್ತು ಬೆಳಗ್ಗೆ ಬಂಡೆ ಮ್ಯಾಲೆ ಹಾಕಿ ಬಂದವನೆ. ಹೋಗಾಣ ಬರ್ರಿ, ಬರ್ರಿ!”

ನಾನು ಓಡಿದ್ದು ಅದೆಷ್ಟೋ ವರ್ಷಗಳ ಮೇಲೆ. ಒಂದು ಚಪ್ಪಲಿ ಮುಳ್ಳಿನಲ್ಲಿ ಉಳಿಯಿತು. ಟಿಫನ್ ಕ್ಯಾರಿಯರ್ ಎಲ್ಲಿ ಬಿಟ್ಟೆನೋ ತಿಳಿಯದು. ನೀರಿನ ಅಂಚಿಗೆ ಒಂದು ಚಪ್ಪಟೆ ಬಂಡೆ. ಅದರ ಮೇಲೆ ಹೊಟ್ಟೆ ಸೀಳಿದ ಕುರಿಯ ಹೆಣ. ಪಕ್ಕದಲ್ಲಿ ಎರಡು ಕಾಗೆ ಕಾಲು ಮೇಲಾಗಿ ಬಿದ್ದಿದ್ದವು. ನಾವು ಇನ್ನೂ ನೂರು ಹೆಜ್ಜೆ ದೂರ ಇರುವಾಗಲೇ ಗರುಡಗಳ ಜೋಡಿಯ ಇನ್ನೊಂದು, ಬಿಳೀ ತಲೆಯದೇ, ಬಂಡೆಯ ತುದಿಗೆ ಬಂದಿಳಿಯಿತು. ಹೆಣದ ಕಡೆ ಕತ್ತು ಚಾಚಿತು.

ಕೂಗಿದೆ. ಹಕ್ಕಿ ಕದಲಲಿಲ್ಲ. ಕರಿಯಮ್ಮ ಕೂಗಲಿಲ್ಲ. ನಿಂತರು, ಕವಣೆಯಲ್ಲಿ ಕಲ್ಲಿಟ್ಟರು, ಒಂದೇ ಸುತ್ತು ಬೀಸಿ ಬಿಟ್ಟರು. ಕಲ್ಲು ಹಕ್ಕಿಯ ಕಾಲಿಗೆ ಗೇಣು ದೂರದಲ್ಲಿ ಬಂಡೆಗೆ ಬಡಿದು ಟಣ್ ಎಂದು ಸಿಡಿಯಿತು. ಗರುಡ ಬೆದರಿ ನೀರಿನ ಕಡೆ ಹಾರಿಹೋಯಿತು. ಅದರ ಬಾಯಲ್ಲಿ ಏನೂ ಇರಲಿಲ್ಲ. ಕರಿಯಮ್ಮ ಅಲ್ಲೇ ನೆಲಕ್ಕೆ ಕೂತು, “ತಪ್ಪಾತಪ್ಪ, ಕಲ್ಲು ಹೊಡ್ದೆ, ತಪ್ಪಾತು” ಎಂದು ಆಕಾಶಕ್ಕೆ ಕೈ ಮುಗಿದರು. ಕಣ್ಣಲ್ಲಿ ನೀರಿತ್ತು.

ಚಿತ್ತಣ್ಣ ಕುರಿ ಬಿಟ್ಟು ಓಡಿ ಬಂದ. ಎತ್ತರದ ಆಳು, ಮಾತು ಕಡಿಮೆ, ಸಿಟ್ಟು ಹೆಚ್ಚು. “ಏನಕ್ಕ ಇದು? ಯಾಕೆ ಓಡಿಸ್ತೀಯ?”

“ಲೇ ಚಿತ್ತ, ಕಂದುದು ಗರುಡನ ಕೂಸು ಕಣೋ. ಮಾಸಿಗೆ ಬರ್ತಿತ್ತು ಅದು, ಮರಿಗಲ್ಲ.”

“ಮೇಡಮ್ಮನೇ ಅಂದ್ರಲ್ಲ ಬ್ಯಾರೆ ಜಾತಿ ಅಂತ?” ಅವನು ನನ್ನ ಕಡೆ ತಿರುಗಿದ.

“ನಂದು ತಪ್ಪು ಚಿತ್ತಣ್ಣ. ನೋಡದೇ ಹೇಳಿದೆ” ಎಂದೆ.

“ಮತ್ತೆ ನನ್ನ ಮೂರು ಮರಿ ಎಲ್ಲೋದವು? ನೀವು ಓದಿದೋರು ಒಂದ್ಸಲ ಹಂಗಂತೀರಿ, ಒಂದ್ಸಲ ಹಿಂಗಂತೀರಿ.”

ಆ ಮೂರು ಮರಿಗಳನ್ನು ಅವನು ಕೈಯಾರೆ ಹಾಲು ಕುಡಿಸಿ ಸಾಕುತ್ತಿದ್ದ ಎಂದು ಆಮೇಲೆ ಕರಿಯಮ್ಮ ಹೇಳಿದರು. “ಮೊದಲು ಇದನ್ನು ಹೂಳೋಣ. ಮರಿ ಯಾರು ಕೊಂಡೊಯ್ದರು ಅನ್ನೋದು ಆಮೇಲೆ ಹುಡುಕೋಣ. ಇಲ್ಲಿ ನಿಮ್ಮ ನಾಯಿ ಬಂದು ತಿಂದರೆ? ವಿಷ ನೀರಿಗೆ ಇಳಿದರೆ?” ಎಂದೆ. ನಾಯಿಯ ಮಾತು ಅವನಿಗೆ ತಾಗಿತು. ಹೋಗಿ ಗುದ್ದಲಿ ತಂದ. ನೀರಿನಿಂದ ದೂರಕ್ಕೆ, ಏರಿನಲ್ಲಿ, ಎದೆಯುದ್ದ ಗುಂಡಿ ತೋಡಿದ. ಹೆಣವನ್ನೂ ಕಾಗೆಗಳನ್ನೂ ಕೋಲಿನಿಂದ ಸರಿಸಿ ಹಾಕಿ, ಮಣ್ಣು ಮುಚ್ಚಿ, ಮೇಲೆ ಕಲ್ಲು ಪೇರಿಸಿದೆವು. ಬಂಡೆಯ ಮೇಲೆ ಉಳಿದದ್ದನ್ನು ಮಣ್ಣಿನಿಂದ ಉಜ್ಜಿ ಅದನ್ನೂ ಗುಂಡಿಗೇ ಹಾಕಿದೆವು. ಚಿತ್ತಣ್ಣ ಕೈಯನ್ನು ಸೋಪು ಹಚ್ಚಿ ತೊಳೆದ, ಮತ್ತೆ ತೊಳೆದ. ಯಾರೂ ಊಟ ಮಾಡಲಿಲ್ಲ.

ಮರಿಗಳ ವಿಷಯ ಮೂರನೇ ದಿನ ತಿಳಿಯಿತು. ರೊಪ್ಪದ ಹಿಂಭಾಗದಲ್ಲಿ ಮುಳ್ಳು ಸರಿದು ಒಂದು ಕಿಂಡಿಯಾಗಿತ್ತು. ಅಲ್ಲಿ ಬೆಳಗಿನ ಜಾವ ಕಾದು ಕೂತ ಚಿತ್ತಣ್ಣ ಎರಡು ಬೀದಿ ನಾಯಿ ನುಸುಳುವುದನ್ನು ಕಂಡ. ಕಿಂಡಿ ಮುಚ್ಚಿ, ಎಳೇ ಮರಿಗಳಿಗೆ ಒಳಗೇ ಒಂದು ಗೂಡು ಕಟ್ಟಿದ. ಆಮೇಲೆ ಒಂದೂ ಮರಿ ಹೋಗಲಿಲ್ಲ. ಇದನ್ನು ಹೇಳಲು ಅವನೇ ಸ್ಕೂಲಿನವರೆಗೂ ಬಂದ. ಬಂದವನು ಬಾಗಿಲಲ್ಲೇ ನಿಂತು, “ನಾಯಿ ಮೇಡಮ್ಮ” ಎಂದ. ಅಷ್ಟೇ ಹೇಳಿ ಹೋದ.

ಆ ಸೋಮವಾರ ನಾನು ಕ್ಲಾಸಿನಲ್ಲಿ ನಡೆದದ್ದನ್ನೆಲ್ಲ ಮಕ್ಕಳಿಗೆ ಹೇಳಿದ್ದೆ. ಟೀಚರ್ ತಪ್ಪು ಒಪ್ಪಿಕೊಳ್ಳುವುದು ಮಕ್ಕಳಿಗೆ ದೊಡ್ಡ ಮನರಂಜನೆ. ಯಾರೂ ಆಕಳಿಸಲಿಲ್ಲ. ಆಮೇಲೆ ಅವರನ್ನೆಲ್ಲ ಮರದ ಕೆಳಗೆ ಕರೆದುಕೊಂಡು ಹೋದೆ. ಬಾಲ ದುಂಡಗಿರುವುದನ್ನು ಅವರೇ ಕಂಡುಹಿಡಿದರು. ನನ್ನ ಬಾಲ್ಡ್ ಈಗಲ್ ಪಾಠ ಈಗ ಹೊರಗೆ, ಕಲ್ಲಿನ ಮೇಲೆ ಕೂತು, ಕತ್ತು ಮೇಲೆ ಮಾಡಿಕೊಂಡು ನಡೆಯುತ್ತದೆ. ಕರಿಯಮ್ಮ ಊರಲ್ಲಿ ಇದ್ದರೆ ಅವರೂ ಬಂದು ಕೂರುತ್ತಾರೆ. ನಾನು ಏನಾದರೂ ಹೇಳಿದರೆ, “ನೋಡಿ ಹೇಳ್ತಿದೀರಾ ಮೇಡಮ್ಮ?” ಎಂದು ಮಕ್ಕಳೆದುರಿಗೇ ಕೇಳುತ್ತಾರೆ. ಹಾಗೆ ಕೇಳುವವರೊಬ್ಬರು ಪ್ರತಿ ಸ್ಟಾಫ್ ರೂಮಿನಲ್ಲೂ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಳೆಗಾಲ ಮುಗಿಯುತ್ತಿದ್ದಂತೆ ಕಂದು ಮರಿ ಹಿನ್ನೀರು ಬಿಟ್ಟು ಎಲ್ಲಿಗೋ ಹೋಯಿತು. ದೊಡ್ಡವು ಹಳೆಯ ಗೂಡಿಗೆ ಮತ್ತೆ ಕಡ್ಡಿ ಹೊರತೊಡಗಿದವು. ಕುರಿಗಳೂ ಹೊರಟವು. ಕಡಲೆಕಾಯಿ ಕಿತ್ತ ಹೊಲಗಳಲ್ಲಿ ಮೇಯಿಸಲು ಕರಿಯಮ್ಮನೂ ಚಿತ್ತಣ್ಣನೂ ಪ್ರತಿವರ್ಷ ಹಿರಿಯೂರು ದಾಟಿ ಧರ್ಮಪುರದ ಕಡೆಗೆ ಹೋಗುತ್ತಾರೆ.

ಇದೆಲ್ಲ ಆದ ಮೇಲೆ ಅವರು ಹೀಗೆ ಹೋದ ಎರಡನೇ ವರ್ಷ, ಅಂದರೆ ಈಗ ಕೆಲವು ವಾರಗಳ ಹಿಂದೆ, ಒಂದು ಬೆಳಗ್ಗೆ ನಾನು ಬಸ್ಸಿನಲ್ಲಿದ್ದಾಗ ಫೋನು ಬಂತು.

“ಮೇಡಮ್ಮ, ಧರ್ಮಪುರದ ಕೆರೆ ಹತ್ರ ಇದೀವಿ. ಇಲ್ಲೊಂದು ಹಕ್ಕಿ ಐತೆ. ಮೈ ಕಂದು, ತಲೆ ಅರ್ಧ ಬೆಳ್ಳಗಾಗೈತೆ. ಬೂದಿ ಬಳ್ಕಂಡಂಗೆ. ಇಂಥದು ನಾನು ಹುಟ್ಟಿದಾಗಿಂದ ನೋಡಿಲ್ಲ. ಕಣ್ಣಿಗೆ ಬಿದ್ದಿದ್ರೂ ಗಮನಿಸಿಲ್ಲ.”

“ಬಾಲ ಹೇಗಿದೆ?”

“ದುಂಡಗೈತೆ. ಅದನ್ನ ನೋಡ್ದಲೇ ಫೋನ್ ಮಾಡ್ತೀನಾ?” ಎಂದು ಗದರಿದರು. ಆಮೇಲೆ ಸ್ವರ ತಗ್ಗಿಸಿ, “ನಮ್ಮದೇ ಇರ್ಬೌದಾ ಮೇಡಮ್ಮ? ಬಸರಿ ಮರದ್ದು?” ಎಂದರು.

ಹೌದು ಎನ್ನುವ ಆಸೆ ನಾಲಿಗೆಯ ತುದಿಗೆ ಬಂತು. ಇಷ್ಟು ದೂರ, ಇಷ್ಟು ಹಕ್ಕಿಗಳ ನಡುವೆ, ಯಾವುದು ಯಾವ ಮರದ್ದು ಎಂದು ಯಾರು ಬಲ್ಲರು? “ಗೊತ್ತಿಲ್ಲ ಕರಿಯಮ್ಮೋರೆ. ನಿಜವಾಗಿಯೂ ಗೊತ್ತಿಲ್ಲ” ಎಂದೆ.

“ಹೋಗ್ಲಿ ಬಿಡ್ರಿ” ಎಂದರು ಅವರು. “ಇಲ್ಲಿ ಕೋಳಿ ಸಾಕಿದೋರು ಕಲ್ಲು ತಗಂಡು ನಿಂತಿದ್ರು. ನಂಗೆ ಬರೋ ಅರ್ಧ ತೆಲುಗಿನಾಗೆ ಹೇಳಿ ಬಂದೆ. ಅದು ನಮ್ಮೂರದು, ನಮ್ಮ ಸ್ಕೂಲಿನ ಮರದಾಗೇ ಹುಟ್ಟಿದ್ದು, ಇನ್ನೊಂದು ವರ್ಷಕ್ಕೆ ಪೂರ್ತಿ ಗರುಡ ಆಗ್ತೈತೆ, ಅಲ್ಲೀಗಂಟ ನೋಡ್ಕಳ್ರಿ ಅಂತ. ಒಪ್ಕಂಡವರೆ.”